ಟ್ರೇಲರ್ ಕೆಳಗೆ ಮಲಗಿದ್ದು ಯಾರು?

ಪ್ರಿಯ ಗೆಳೆಯರೇ,

ಕತೆ ಓದಿದೆ. ದಾವಣಗೆರೆ ಎಪಿಎಂಸಿ, ಮೆಕ್ಕೆಜೋಳದ ಸುಗ್ಗಿ, ದಲ್ಲಾಳಿ ಅಂಗಡಿಯ ಮಾತುಕತೆ ನಿಮಗೆ ಚೆನ್ನಾಗಿ ಗೊತ್ತಿದೆ. ನನ್ನ ತಕರಾರು ಮೊದಲ ವಾಕ್ಯದ್ದು:

"ಮೆಕ್ಕೆಜೋಳ ಹೇರಿಕೊಂಡು ಹೊನ್ನಾಳಿ ಕಡೆಯಿಂದ ಬಂದು ಎಪಿಎಂಸಿ ಗೇಟಿನ ಮುಂದೆ ರಾತ್ರಿಯಿಡೀ ನಿಂತಿದ್ದ ಟ್ರ್ಯಾಕ್ಟರಿನ ಟ್ರೇಲರ್ ಕೆಳಗೆ ಮಲಗಿದ್ದ ಮುದುಕನ ಮಗ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿದ್ದ."

ಮಲಗಿದ್ದು ಮುದುಕನೋ ಮಗನೋ? ವ್ಯಾಕರಣ ಎರಡಕ್ಕೂ ಒಪ್ಪುತ್ತದೆ. ಗೇಟಿನ ಮುಂದೆ ನಿಂತದ್ದು ಏನು ಎಂಬುದು 11ನೇ ಪದಕ್ಕೆ ಬಂದಾಗಲೇ ತಿಳಿಯುವುದು. ಅಲ್ಲಿಯವರೆಗೆ ಓದುಗ ಯಾರೋ ಒಬ್ಬ ರೈತನನ್ನು ನಿಲ್ಲಿಸಿಕೊಂಡಿರುತ್ತಾನೆ. ಆಮೇಲೆ ಅವನನ್ನು ಅಳಿಸಿ ಟ್ರ್ಯಾಕ್ಟರ್, ಅದರ ಪಕ್ಕಕ್ಕೆ ಮುದುಕ, ಕೊನೆಗೆ ಮುದುಕನನ್ನೂ ಹಿಂದೆ ಸರಿಸಿ ಮಗ. ಒಂದು ವಾಕ್ಯದಲ್ಲಿ ಮೂರು ಸಲ ಕಟ್ಟಿ ಕೆಡವುವ ಕೆಲಸ.

ಓದುಗ ಪದಗಳನ್ನು ಹೆಚ್ಚು ಹೊತ್ತು ಇಟ್ಟುಕೊಳ್ಳುವುದಿಲ್ಲ. ಮನೋವಿಜ್ಞಾನಿ ಜಾಕ್ವೆಲಿನ್ ಸ್ಯಾಕ್ಸ್ 1967ರಲ್ಲಿ ಇದನ್ನು ಪರೀಕ್ಷಿಸಿದರು. ಕೇಳಿದ ವಾಕ್ಯದ ನಂತರ ಸುಮಾರು 80 ಅಕ್ಷರಗಳಷ್ಟು ಮಾತು ಸಾಗಿದರೆ ಸಾಕು, ಕರ್ತರಿಯಲ್ಲಿದ್ದುದನ್ನು ('ಅವನು ಬರೆದ') ಕರ್ಮಣಿಗೆ ('ಅವನಿಂದ ಬರೆಯಲ್ಪಟ್ಟಿತು') ತಿರುಗಿಸಿ ಹೇಳಿದರೂ ಕೇಳುಗರು ವ್ಯತ್ಯಾಸ ಗುರುತಿಸಲಾರರು. ಅರ್ಥ ಬದಲಾದರೆ ಮಾತ್ರ ಥಟ್ಟನೆ ಹಿಡಿಯುತ್ತಾರೆ. ಓದಿನ ಗ್ರಹಿಕೆಯ ಬಗ್ಗೆ ಸಂಶೋಧನೆ ಮಾಡಿದ ವಾಲ್ಟರ್ ಕಿಂಚ್ ಮತ್ತು ವ್ಯಾನ್ ಡೈಕ್ ಇದನ್ನು ಮೂರು ಪದರವಾಗಿ ಬಿಡಿಸಿದರು: ಮೇಲೆ ಪದಗಳು, ಅದರಡಿ ಯಾರು ಯಾರಿಗೆ ಏನು ಮಾಡಿದರೆಂಬ ಸಂಬಂಧ, ತಳದಲ್ಲಿ ಸನ್ನಿವೇಶ. ಮೊದಲನೆಯದು ಬೇಗ ಅಳಿಯುತ್ತದೆ, ಕೊನೆಯದು ಉಳಿಯುತ್ತದೆ. ಪದಗಳ ಚೆಲುವಿಗೆ ನೀವು ಕೊಟ್ಟಷ್ಟೇ ಶ್ರಮವನ್ನು ತಳದ ಪದರಕ್ಕೂ ಕೊಡಬೇಕು ಅನ್ನುವುದು ಇದಕ್ಕೇ.

ಆ ತಳದ ಚಿತ್ರ ಮಸುಕಾದದ್ದೇನಲ್ಲ. ಗೋಡೆಗೆ ಹೊಡೆದ ಮೊಳೆಯ ಬಗ್ಗೆ ಓದಿದವರು ಅಡ್ಡ ಮೊಳೆಯ ಚಿತ್ರವನ್ನೂ, ನೆಲಕ್ಕೆ ಹೊಡೆದದ್ದನ್ನು ಓದಿದವರು ನೆಟ್ಟಗಿನ ಮೊಳೆಯನ್ನೂ ಬೇಗ ಗುರುತಿಸಿದರೆಂದು ಸ್ಟ್ಯಾನ್‌ಫೀಲ್ಡ್ ಮತ್ತು ಜ್ವಾನ್ 2001ರಲ್ಲಿ ತೋರಿಸಿದರು. ವಾಕ್ಯದಲ್ಲಿ ಅಡ್ಡ, ನೆಟ್ಟಗೆ ಎಂಬ ಪದಗಳೇ ಇರಲಿಲ್ಲ. ನಮ್ಮ ದುರ್ಗದ ಕಿಂಡಿಯ ಪಕ್ಕ ಓಬವ್ವ ಒನಕೆ ಎತ್ತಿದಳೆಂದರೆ ಒನಕೆ ಎದ್ದು ನಿಲ್ಲುತ್ತದೆ, ಹೆಗಲ ಮೇಲೆ ಹೊತ್ತು ನಡೆದಳೆಂದರೆ ಅಡ್ಡವಾಗುತ್ತದೆ. ಸರಿಯಾದ ಕ್ರಿಯಾಪದ ಸಿಕ್ಕರೆ ವಿಶೇಷಣ ಬೇಕಿಲ್ಲ. ನಿಮ್ಮ ಎರಡನೇ ಪುಟದಲ್ಲಿ ಅರ್ಧದಷ್ಟು ವಿಶೇಷಣ ಹೊಡೆದುಹಾಕಬಹುದು.

ಕ್ರಿಯಾಪದ ಕೊನೆಗೆ ಬರುವುದೇ ಕನ್ನಡದ ತೊಂದರೆ ಎಂದು ಕೆಲವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. "ದಲ್ಲಾಳಿಯನ್ನು" ಎಂದ ಕೂಡಲೇ ಅವನಿಗೆ ಏನೋ ಆಗಲಿದೆ ಎಂದು ವಿಭಕ್ತಿಯೇ ಸುಳಿವು ಕೊಡುತ್ತದೆ. ಕ್ರಿಯಾಪದ ಕೊನೆಗೆ ಬರುವ ಜಪಾನಿ ಭಾಷೆಯ ಕೇಳುಗರು ಪ್ರತ್ಯಯ ಹಿಡಿದು ಮುಂದಿನದನ್ನು ಊಹಿಸುತ್ತಾರೆ ಎಂಬುದಕ್ಕೆ ಪ್ರಯೋಗಗಳೇ ಇವೆ. ಕಷ್ಟ ಕೊಡುವುದು ನಿಂತಿದ್ದ, ಮಲಗಿದ್ದ ಎಂಬ ಕೃದಂತಗಳ (ಮುಂದೆ ಬರುವ ನಾಮಪದವನ್ನು ವಿವರಿಸುವ ಕ್ರಿಯಾರೂಪಗಳ) ಸಾಲು, ಏಕೆಂದರೆ ಅವು ಯಾರಿಗೆ ಸೇರಬೇಕೆಂಬುದು ಆಮೇಲೆ ತಿಳಿಯುತ್ತದೆ. ಮನಸ್ಸು ಒಮ್ಮೆಗೆ ಹಿಡಿಯುವುದು ನಾಲ್ಕರ ಆಸುಪಾಸು ಘಟಕಗಳನ್ನು ಎನ್ನುವುದು ಮನೋವಿಜ್ಞಾನಿ ಕೋವನ್ ಅವರ 2001ರ ಅಂದಾಜು. ಒಂದು ನಾಮಪದಕ್ಕೆ ಒಂದೇ ಕೃದಂತ ಇರಲಿ, ತೀರಾ ಬೇಕಾದರೆ ಎರಡು. ಹೀಗೆ ಮಾಡಿ ನೋಡಿ:

"ಎಪಿಎಂಸಿ ಗೇಟಿನ ಮುಂದೆ ಟ್ರ್ಯಾಕ್ಟರ್ ರಾತ್ರಿಯಿಡೀ ನಿಂತಿತ್ತು. ಹೊನ್ನಾಳಿ ಕಡೆಯಿಂದ ತಂದ ಮೆಕ್ಕೆಜೋಳ. ಟ್ರೇಲರ್ ಕೆಳಗೆ ಮುದುಕ ಮಲಗಿದ್ದ. ಮಗ ದಲ್ಲಾಳಿಯನ್ನು ಹುಡುಕಿಕೊಂಡು ಹೋಗಿದ್ದ."

ಯಾವುದನ್ನೂ ಕೆಡವಬೇಕಿಲ್ಲ. ಜಾಗ ಮೊದಲೇ ಸಿಕ್ಕಿತು, ಅದರ ಫಲವೂ ದೊಡ್ಡದು. ಬ್ರಾನ್ಸ್‌ಫರ್ಡ್ ಮತ್ತು ಜಾನ್ಸನ್ 1972ರಲ್ಲಿ ಬಟ್ಟೆ ಒಗೆಯುವುದನ್ನು ಹೆಸರಿಸದೆ ವರ್ಣಿಸಿದ ಪ್ಯಾರಾ ಒಂದನ್ನು ಕೇಳಿಸಿದರು. ವಿಷಯ ಮೊದಲೇ ಗೊತ್ತಿದ್ದವರು 18 ಅಂಶಗಳಲ್ಲಿ ಸರಾಸರಿ 6ರ ಹತ್ತಿರ ನೆನಪಿಟ್ಟರು, ಕೇಳಿದ ಮೇಲೆ ವಿಷಯ ತಿಳಿದವರು 3ನ್ನೂ ಮುಟ್ಟಲಿಲ್ಲ. ಊರು, ಹೊತ್ತು, ಕೆಲಸ ಯಾವುದೆಂದು ಕೊನೆಗೆ ಹೇಳಿ ಚಮತ್ಕಾರ ಮಾಡುವ ಚಾಳಿಗೆ ಇಷ್ಟು ಬೆಲೆ ತೆರಬೇಕು.

"ಚೀಲ ಇಳಿಸಿದರು. ತೇವ ಜಾಸ್ತಿ ಇತ್ತು" ಎಂದು ಬರೆದಿದ್ದೀರಿ. ಜೋಳ ಒಣಗದಿದ್ದರೆ ರೇಟು ಇಳಿಯುತ್ತದೆಂದು ಬಲ್ಲ ಚನ್ನಗಿರಿಯವನು ಎರಡು ವಾಕ್ಯಗಳ ನಡುವಿನ ಸೇತುವೆಯನ್ನು ತಾನೇ ಹಾಕಿಕೊಳ್ಳುತ್ತಾನೆ. ಜೋಳ ಬೆಳೆಯದ ಕಡೆಯವನು ಮಳೆ ಬಂತೇನೋ ಅಂದುಕೊಂಡಾನು. "ಜೋಳದಲ್ಲಿ ತೇವ ಜಾಸ್ತಿ ಇತ್ತು" ಎಂದರೆ ಮುಗಿಯಿತು. ಗೊತ್ತಿರುವುದು ಮುಂದೆ, ಹೊಸದು ಅದರ ಹಿಂದೆ ಬರಲಿ.

ನಿಷೇಧದ ಬಗ್ಗೆ ಒಂದು ಮಾತು. "ಗೇಟು ತೆರೆದಿರಲಿಲ್ಲ" ಎಂದರೆ ತೆರೆದ ಗೇಟು ಒಂದು ಕ್ಷಣ ಬಂದು ಹೋಗುತ್ತದೆ. ಬರೀ ಮಾಹಿತಿಯಾದರೆ "ಗೇಟು ಮುಚ್ಚಿತ್ತು" ಎನ್ನಿ. ಇಲ್ಲದ್ದರ ಕೊರತೆ ಕಾಡಬೇಕಿದ್ದರೆ ನಿಷೇಧವನ್ನೇ ಇಡಿ. "ಮಂಡಕ್ಕಿ ಭಟ್ಟಿಗಳಲ್ಲಿ ಹೊಗೆ ಏಳಲಿಲ್ಲ" ಎಂಬ ನಿಮ್ಮ ಸಾಲನ್ನು ಮುಟ್ಟಬೇಡಿ.

ತಿದ್ದಿದ ಪುಟವನ್ನು ಕತೆ ಗೊತ್ತಿಲ್ಲದವರಿಗೆ ಓದಲು ಕೊಟ್ಟು, ವಾಪಸ್ ತೆಗೆದುಕೊಂಡು ಹತ್ತು ನಿಮಿಷ ಬೇರೆ ಮಾತಾಡಿ. ಆಮೇಲೆ ಕಾಗದದ ಮೇಲೆ ಗೇಟು, ಟ್ರ್ಯಾಕ್ಟರ್, ಮುದುಕ, ಮಗ ಎಲ್ಲೆಲ್ಲಿದ್ದರೆಂದು ಗುರುತು ಹಾಕಿಸಿ. ಹೇಗಿತ್ತು ಎಂದು ಕೇಳಬೇಡಿ, ಚೆನ್ನಾಗಿದೆ ಅನ್ನುತ್ತಾರೆ. ಗುರುತು ತಪ್ಪಿದ ಕಡೆಯ ಸಾಲನ್ನು ಮತ್ತೆ ಬರೆದು, ಆ ಕಾಗದವನ್ನೂ ಜೊತೆಗಿಟ್ಟು ಕಳಿಸಿ.