ಮಗಳಿಗೊಂದು ಪತ್ರ: ಹಳೆಯ ವಾದ್ಯಗಳ ಕಛೇರಿ

ಪ್ರೀತಿಯ ಪುಟ್ಟಿ,

ನೀನು ತೆಗೆಸಿಕೊಟ್ಟ ಟಿಕೆಟ್ಟಿನಲ್ಲಿ ನಾನೂ ಅಪ್ಪನೂ ಹದಿನೆಂಟನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್‌ನ ಬ್ರಾಂಡೆನ್‌ಬರ್ಗ್ ಕನ್ಚೆರ್ಟೊಗಳನ್ನು (ವಾದ್ಯವೃಂದಕ್ಕೆ ಬರೆದ ಆರು ಕೃತಿಗಳು) ಹಳೆಯ ಕಾಲದ ವಾದ್ಯಗಳಲ್ಲಿ ಕೇಳಿ ಬಂದೆವು. ಚೆನ್ನಾಗಿತ್ತು ಎಂದು ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನಿನ್ನ ಪಿಟೀಲಿಗೂ ಆ ಕಾಲದ ಹಾಗೆ ಪ್ರಾಣಿಯ ಕರುಳಿನ ತಂತಿ ಹಾಕಿಸುವ ಯೋಚನೆಯಲ್ಲಿದ್ದೀಯಲ್ಲ, ಅದಕ್ಕೇ ಇದ್ದದ್ದನ್ನು ಇದ್ದ ಹಾಗೆ ಬರೆಯುತ್ತಿದ್ದೇನೆ. ಕಛೇರಿ ಸಪ್ಪೆಯಾಗಿತ್ತು.

ಅದು ವಾದ್ಯಗಳ ತಪ್ಪಲ್ಲ. ಸೆಖೆಗೂ ತೇವಕ್ಕೂ ಕರುಳಿನ ತಂತಿ ಶ್ರುತಿ ಬಿಡುವುದು ಗೊತ್ತಿದ್ದದ್ದೇ. ಅವರು ಮತ್ತೆ ಮತ್ತೆ ಶ್ರುತಿ ಸೇರಿಸುವಾಗ ಪಕ್ಕದವರು ಗಡಿಯಾರ ನೋಡಿಕೊಳ್ಳುತ್ತಿದ್ದರು. ತಂಬೂರಿಯ ಎದುರು ಬೆಳೆದ ನನಗೆ ಅದೇನೂ ಬೇಸರವೆನಿಸಲಿಲ್ಲ. ಈಗಿನ 440 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಬದಲು 415ಕ್ಕೆ, ಅಂದರೆ ಸುಮಾರು ಅರ್ಧ ಸ್ವರ ಕೆಳಕ್ಕೆ ಇಳಿಸಿದ್ದ ಶ್ರುತಿಯೂ ಕಿವಿಗೆ ಹಿತವಾಗಿತ್ತು. ಎರಡನೆಯ ಕನ್ಚೆರ್ಟೊದಲ್ಲಿ ಟ್ರಂಪೆಟ್ಟಿನ ಸ್ವರ ಅಲ್ಲಲ್ಲಿ ಒಡೆಯಿತು. ವಾಲ್ವ್ (ಸ್ವರ ಬದಲಿಸುವ ಒತ್ತುಗುಂಡಿ) ಇಲ್ಲದ ಕೊಳವೆಯಲ್ಲಿ ಸ್ವರವನ್ನೆಲ್ಲ ತುಟಿಯಲ್ಲೇ ಹಿಡಿಯಬೇಕು, ಪಾಪ. (ಶ್ರುತಿ ತಿದ್ದಲು ಅದರ ಮೈಗೆ ಕೊರೆದಿದ್ದ ಬೆರಳು ರಂಧ್ರಗಳು 20ನೇ ಶತಮಾನದ ಸೇರ್ಪಡೆ. ಕಾರ್ಯಕ್ರಮದ ಪುಸ್ತಿಕೆ ಮಾತ್ರ ಎಲ್ಲವೂ ಬಾಖ್‌ನ ಕಾಲದ್ದೇ ಎಂದು ಬೀಗುತ್ತಿತ್ತು!)

ನನಗೆ ನಿಜಕ್ಕೂ ಸಿಟ್ಟು ಬಂದದ್ದು ಐದನೆಯದರಲ್ಲಿ. ಮೊದಲ ಭಾಗದ ಕೊನೆಯ ಹೊತ್ತಿಗೆ ಉಳಿದವರೆಲ್ಲ ನುಡಿಸುವುದನ್ನು ನಿಲ್ಲಿಸಿ, ಪಿಯಾನೊದಂತೆ ಕೀಲಿಮಣೆಯಿರುವ ಹಾರ್ಪ್ಸಿಕಾರ್ಡ್ ಒಂದೇ ಬಹಳ ಹೊತ್ತು ನುಡಿಯುತ್ತದೆ. 1719ರಲ್ಲಿ ಬಾಖ್ ಬರ್ಲಿನ್‌ನಿಂದ ತಾನು ಕೆಲಸಕ್ಕಿದ್ದ ಕೋಥೆನ್ ಆಸ್ಥಾನಕ್ಕೆ ಹೊಸ ಹಾರ್ಪ್ಸಿಕಾರ್ಡ್ ತಂದಿದ್ದ. ಆ ಹುರುಪೆಲ್ಲ ಇದರೊಳಗೆ ಇರಬೇಕು. ಆ ವಾದ್ಯದ ತಂತಿಯನ್ನು ಒಂದು ಚಿಕ್ಕ ಮೊನೆ ಮೀಟುತ್ತದೆ. ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ನಾದದ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಭಾವವನ್ನು ಕಾಲದಲ್ಲೇ ತರಬೇಕು: ಒಂದು ಸ್ವರವನ್ನು ಕೂದಲೆಳೆಯಷ್ಟು ತಡೆದು ಬಿಡಬೇಕು, ಇನ್ನೊಂದಕ್ಕೆ ಮುನ್ನುಗ್ಗಬೇಕು. ಈ ಮಹಾಶಯರು ಕರೆಂಟಿನ ಮೀಟರ್ ಓಡಿದ ಹಾಗೆ ನುಡಿಸಿದರು. ಅದೂ ನಮ್ಮ ಬಾಲ್ಕನಿಗೆ ಅರ್ಧವೇ ಕೇಳಿಸಿದ್ದು. ಅರಮನೆಯ ಕೋಣೆಯಲ್ಲಿ ಬೆರಳೆಣಿಕೆಯ ಜನ ನುಡಿಸಲೆಂದು ಹುಟ್ಟಿದ ಸಂಗೀತವನ್ನು ಸಾವಿರಾರು ಕುರ್ಚಿಗಳ ಸಭಾಂಗಣಕ್ಕೆ ಎಳೆತಂದವರು ಯಾರೋ!

ಹಳೆಯ ವಾದ್ಯ ಹಿಡಿದ ಮಾತ್ರಕ್ಕೆ ಅರ್ಧ ಕೆಲಸ ಮುಗಿಯಿತು ಎಂಬ ಧೋರಣೆ ಅವರದ್ದು. 1953ರಲ್ಲಿ ವಿಯೆನ್ನಾದಲ್ಲಿ ಸಂಗೀತಗಾರ ಹಾರ್ನೊನ್‌ಕೂರ್ಟ್ ಕಟ್ಟಿದ ಹಳೆಯ ವಾದ್ಯಗಳ ತಂಡದ ಧ್ವನಿಮುದ್ರಣಗಳನ್ನು ಕೇಳಿದ್ದೀಯಲ್ಲ? ಅಲ್ಲಿ ಒರಟಿದೆ, ಆದರೆ ಒಂದೊಂದು ಸಾಲೂ ಎದುರು ಕೂತು ವಾದಕ್ಕಿಳಿಯುತ್ತದೆ. ಇಲ್ಲಿ ಅಪ್ಪ ಆರನೆಯದರ ಹೊತ್ತಿಗೆ ಗೊರಕೆ ಹೊಡೆಯದಂತೆ ನಾನು ಮೊಣಕೈಯಲ್ಲಿ ತಿವಿಯುತ್ತಾ ಕೂರಬೇಕಾಯಿತು.

ನೀನು ಧೈರ್ಯವಾಗಿ ಕರುಳಿನ ತಂತಿ ಹಾಕಿಸು. ಮೇಲಿನ ತಂತಿ ಬೇಗ ಹರಿಯುತ್ತದೆ, ಒಂದೆರಡು ಹೆಚ್ಚಿಗೆ ತೆಗೆದಿಟ್ಟುಕೋ. ಮುಂದಿನ ಸಲ ನಮಗೆ ಟಿಕೆಟ್ ತೆಗೆಸುವುದಾದರೆ ಯಾವುದಾದರೂ ಚಿಕ್ಕ ಚರ್ಚಿನ ಕಛೇರಿ ನೋಡು. ಅಪ್ಪನಿಗೆ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕಂತೆ.

ನಿನ್ನ
ಅಮ್ಮ