ಸೆಕೆಂಡ್ ಹ್ಯಾಂಡ್ ಬೈಕಿಗೆ ಮೊದಲು ತಪಾಸಣೆ, ಆಮೇಲೆ ಅಪ್‌ಗ್ರೇಡ್

ಆತ್ಮೀಯ ಗ್ರಾಹಕರೇ,

ಮುಂದಿನ ತಿಂಗಳ ಒಂದನೇ ತಾರೀಖಿನಿಂದ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಪದ್ಧತಿ ಬದಲಾಗುತ್ತಿದೆ. ಹೊಸದಾಗಿ ಕೊಂಡು ತಂದ ಸೆಕೆಂಡ್ ಹ್ಯಾಂಡ್ ಬೈಕಿಗೆ ಹೆಡ್‌ಲೈಟ್, ಸೈಲೆನ್ಸರ್, ಶಾಕ್ ಅಬ್ಸಾರ್ಬರ್, ಹ್ಯಾಂಡಲ್, ಅಗಲದ ಟೈರು ಇಂಥ ಯಾವ ಅಪ್‌ಗ್ರೇಡ್ ಕೆಲಸವನ್ನೂ ಮೊದಲ ಭೇಟಿಯಲ್ಲಿ ಕೈಗೆತ್ತಿಕೊಳ್ಳುವುದಿಲ್ಲ. ಮೊದಲ ಭೇಟಿ ಪೂರ್ತಿ ತಪಾಸಣೆಗೆ ಮತ್ತು ಮೂಲ ಸರ್ವಿಸ್‌ಗೆ ಮೀಸಲು. ಅದಾದ ಮೇಲೆ ಬೈಕನ್ನು ಸುಮಾರು 500 ಕಿ.ಮೀ. ಓಡಿಸಿ ತನ್ನಿ. ಅಪ್‌ಗ್ರೇಡ್ ಏನಿದ್ದರೂ ಎರಡನೇ ಭೇಟಿಯಲ್ಲಿ.

ಕೊಂಡ ವಾರವೇ ಬೈಕನ್ನು ಬೇಕಾದ ಹಾಗೆ ಮಾಡಿಸಿಕೊಳ್ಳುವ ಆಸೆ ಸಹಜ. ಆದರೆ ಆ ಬೈಕಿನ ಹಿಂದಿನ ಕತೆ ಯಾರಿಗೂ ಗೊತ್ತಿರುವುದಿಲ್ಲ. ಮೀಟರಿನ ಅಂಕಿಯೂ ಆಧಾರವಲ್ಲ: ಮೀಟರ್ ಕೇಬಲ್ ಕಡಿದುಕೊಂಡೇ ವರ್ಷಗಟ್ಟಲೆ ಓಡಿದ ಬೈಕುಗಳಿವೆ, ಮೀಟರೇ ಬದಲಾದವೂ ಇವೆ. ಇನ್ನೊಂದು ತೊಡಕು ಅಪ್‌ಗ್ರೇಡ್ ಆದ ಮೇಲೆ ಕಾಣಿಸಿಕೊಳ್ಳುತ್ತದೆ. ಹೊಸ ಸೈಲೆನ್ಸರ್ ಹಾಕಿದ ಮರುದಿನ ಆಕ್ಸಿಲರೇಟರ್ ಬಿಟ್ಟಾಗಲೆಲ್ಲ ಪಟಪಟ ಸದ್ದು ಬರುತ್ತದೆ ಎನ್ನಿ. ಅದು ಸೈಲೆನ್ಸರಿನಿಂದ ಬಂದದ್ದೋ, ಕಾರ್ಬುರೇಟರ್ ಮತ್ತು ಎಂಜಿನ್ ನಡುವಿನ ರಬ್ಬರ್ ಮೊದಲೇ ಬಿರುಕು ಬಿಟ್ಟು ಗಾಳಿ ಎಳೆಯುತ್ತಿತ್ತೋ? ಎರಡನ್ನೂ ಬೇರ್ಪಡಿಸಲು ಹಾಕಿದ್ದನ್ನೆಲ್ಲ ಬಿಚ್ಚಬೇಕಾಗುತ್ತದೆ, ಕೂಲಿ ಎರಡು ಸಲ ಬೀಳುತ್ತದೆ.

ಮೊದಲ ಭೇಟಿಯಲ್ಲಿ ಏನೇನು ಮಾಡುತ್ತೇವೆ, ಏಕೆ ಮಾಡುತ್ತೇವೆ ಎಂಬುದು ಮುಂದಿದೆ. ಕೆಳಗಿನ ಅಳತೆಗಳು ಸಾಮಾನ್ಯ ಸ್ಟ್ಯಾಂಡರ್ಡ್ ಬೈಕುಗಳಿಗೆ ಹೊಂದುವಂಥವು. ನಿಮ್ಮ ಮಾಡೆಲಿನ ಕೈಪಿಡಿಯಲ್ಲಿ ಬೇರೆ ಅಂಕಿ ಇದ್ದರೆ ಅದೇ ಅಂತಿಮ.

ಆಯಿಲ್‌ನಿಂದ ಶುರು. ಬಣ್ಣ ಕಪ್ಪಾಗಿದೆ ಎಂದು ಬದಲಿಸುವುದಲ್ಲ, ಅದರ ವಯಸ್ಸೂ ಗ್ರೇಡೂ ಗೊತ್ತಿಲ್ಲ ಎಂದು ಬದಲಿಸುವುದು. ಬಹುತೇಕ ಬೈಕುಗಳಲ್ಲಿ ಎಂಜಿನ್, ಗೇರ್, ಕ್ಲಚ್ ಮೂರಕ್ಕೂ ಒಂದೇ ಆಯಿಲ್. ಹಿಂದಿನವರು ಕಾರಿನ ಆಯಿಲ್ ಹಾಕಿದ್ದರೆ, ಅದರಲ್ಲಿ ಘರ್ಷಣೆ ತಗ್ಗಿಸಲು ಬೆರೆಸಿರುವ ರಾಸಾಯನಿಕದಿಂದ ಕ್ಲಚ್ ಪ್ಲೇಟು ಸ್ಲಿಪ್ ಆಗಬಹುದು: ಎಂಜಿನ್ ಕೂಗುತ್ತದೆ, ಬೈಕು ಮುಂದೆ ಎಳೆಯುವುದಿಲ್ಲ. ಪ್ಲೇಟು ಸವೆದಿದೆ ಎಂದು ತಿಳಿದು ಚೆನ್ನಾಗಿರುವ ಪ್ಲೇಟನ್ನೇ ಬಿಸಾಡುವುದುಂಟು. ನಾವು ಹಾಕುವುದು ಡಬ್ಬಿಯ ಮೇಲೆ ಜಾಸೋ ಎಂಎ ಅಥವಾ ಎಂಎ2 (ಕ್ಲಚ್ ಸ್ಲಿಪ್ ಆಗದಂಥ ಬೈಕ್ ಆಯಿಲ್‌ನ ಜಪಾನಿ ಮಾನದಂಡ) ಎಂದು ಬರೆದಿರುವ ಆಯಿಲ್ ಮಾತ್ರ; ಆಯಿಲ್‌ನ ದಪ್ಪ, ಅಂದರೆ ಗ್ರೇಡ್, ಕೈಪಿಡಿ ಹೇಳಿದಷ್ಟು. ಫಿಲ್ಟರ್ ಹೊಸದು, ಡ್ರೈನ್ ಬೋಲ್ಟಿನ ವಾಷರ್ ಹೊಸದು. ಹಳೆ ವಾಷರ್ ಇಟ್ಟು, ಸೋರುತ್ತದೆ ಎಂದು ಬೋಲ್ಟನ್ನು ಬಿಗಿ ಮಾಡುತ್ತಲೇ ಹೋದರೆ ಅಲ್ಯೂಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಇಳಿಸಿದ ಆಯಿಲನ್ನು ಬಟ್ಟೆಯಲ್ಲಿ ಸೋಸಿ ನೋಡುತ್ತೇವೆ. ಬೂದು ಬಣ್ಣದ ನುಣುಪು ಪುಡಿ ಸ್ವಲ್ಪ ಇದ್ದರೆ ಚಿಂತೆಯಿಲ್ಲ; ಬೆರಳಿಗೆ ಚುಚ್ಚುವಂಥ ಚೂರು ಸಿಕ್ಕರೆ ಮುಂದಿನ ಕೆಲಸ ನಿಲ್ಲಿಸಿ ನಿಮಗೆ ಫೋನ್ ಮಾಡುತ್ತೇವೆ. ಈ ಮೊದಲ ಆಯಿಲ್ ಒಳಗಿನ ಕೆಸರನ್ನೆಲ್ಲ ಎತ್ತಿಕೊಳ್ಳುವುದರಿಂದ ಎರಡನೇ ಭೇಟಿಯಲ್ಲಿ ಮತ್ತೆ ಬದಲಿಸುತ್ತೇವೆ. 500 ಕಿ.ಮೀ. ಎಂದದ್ದಕ್ಕೆ ಅದೂ ಒಂದು ಕಾರಣ.

ಆಮೇಲೆ ಟ್ಯಾಪೆಟ್, ಅಂದರೆ ವಾಲ್ವು ಮತ್ತು ಅದನ್ನು ಒತ್ತುವ ಭಾಗದ ನಡುವಿನ ಸಣ್ಣ ಅಂತರ. ಇದರ ಬಗ್ಗೆ ತಪ್ಪು ತಿಳಿವಳಿಕೆ ಬಹಳ. ಟಿಕ್ ಟಿಕ್ ಸದ್ದು ಬಂದರೆ ಹೆದರುತ್ತಾರೆ, ಸದ್ದೇ ಇಲ್ಲದಿದ್ದರೆ ಎಂಜಿನ್ ಬೆಣ್ಣೆಯಂತಿದೆ ಎಂದು ಹೊಗಳುತ್ತಾರೆ. ನಿಜಕ್ಕೂ ಅಪಾಯ ಇರುವುದು ಅಂತರ ತೀರಾ ಕಡಿಮೆಯಾದಾಗ. ಎಕ್ಸಾಸ್ಟ್ ವಾಲ್ವು ತನ್ನ ಬಿಸಿಯನ್ನು ಬಿಟ್ಟುಕೊಡುವುದು ಸೀಟಿನ ಮೇಲೆ ಪೂರ್ತಿ ಕುಳಿತಾಗ. ಅಂತರವೇ ಇಲ್ಲದಿದ್ದರೆ ಅದು ಪೂರ್ತಿ ಕೂರುವುದಿಲ್ಲ, ಬಿಸಿಯಾಗಿ ಅಂಚು ಸುಟ್ಟು ಕಂಪ್ರೆಶನ್ ಹೋಗುತ್ತದೆ. ಎಂಜಿನ್ ಪೂರ್ತಿ ತಣ್ಣಗಿದ್ದಾಗ, ಪಿಸ್ಟನ್ ಕಂಪ್ರೆಶನ್ ಹೊಡೆತದ ಮೇಲ್ತುದಿಯಲ್ಲಿದ್ದಾಗ, ಫೀಲರ್ ಗೇಜ್‌ನಿಂದ (ಗೊತ್ತಾದ ದಪ್ಪದ ತೆಳು ಪಟ್ಟಿಗಳು) ಅಳೆಯುತ್ತೇವೆ. ಅನೇಕ ಮಾಡೆಲುಗಳಲ್ಲಿ ಇದು 0.05ರಿಂದ 0.15 ಮಿ.ಮೀ. ಒಳಗಿನ ಲೆಕ್ಕ. ಬಿಸಿ ಎಂಜಿನ್ನಿನಲ್ಲಿ ತೆಗೆದ ಅಳತೆಗೆ ಅರ್ಥವಿಲ್ಲ.

ಪ್ಲಗ್, ಏರ್ ಫಿಲ್ಟರ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹೊಸದಾಗಿ ಹಾಕುವಂಥವು. ಎಣ್ಣೆ ಸವರಿದ ಕಾಗದದ ಫಿಲ್ಟರಿಗೆ ಗಾಳಿ ಹೊಡೆದು ಮತ್ತೆ ಹಾಕುವ ರೂಢಿ ನಮ್ಮಲ್ಲಿಲ್ಲ. ಅದು ಹಾಗೆ ಸ್ವಚ್ಛವಾಗುವುದೂ ಇಲ್ಲ. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡುತ್ತೇವೆ. ಬೈಕು ಬಹಳ ದಿನ ನಿಂತಿದ್ದರೆ ಕಾರ್ಬುರೇಟರಿನ ಪೈಲಟ್ ಜೆಟ್ಟಿನಲ್ಲಿ (ಐಡಲ್‌ನಲ್ಲಿ ಪೆಟ್ರೋಲ್ ಬಿಡುವ ಸಣ್ಣ ತೂತಿನ ಭಾಗ) ಹಳೆ ಪೆಟ್ರೋಲಿನ ಅಂಟು ಕೂತಿರುತ್ತದೆ. ಚೋಕ್ ಎಳೆದರೆ ಮಾತ್ರ ಓಡುವುದು, ಸಿಗ್ನಲ್ಲಿನಲ್ಲಿ ಆಫ್ ಆಗುವುದು ಅದರ ಲಕ್ಷಣ. ಜೆಟ್ಟಿಗೆ ತಂತಿ ಚುಚ್ಚಬೇಡಿ. ಹಿತ್ತಾಳೆಯ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಮೈಲೇಜ್ ಹೋಗುತ್ತದೆ.

ಚೈನಿಗೆ ಬರೋಣ. ಸಡಿಲ ಮಧ್ಯಭಾಗದಲ್ಲಿ ಮೇಲೆ ಕೆಳಗೆ 25ರಿಂದ 35 ಮಿ.ಮೀ. ಇರಬೇಕು, ಅದೂ ಅತಿ ಬಿಗಿಯಾಗಿರುವ ಜಾಗದಲ್ಲಿ ಅಳೆದಾಗ. ಚಕ್ರ ತಿರುಗಿಸುತ್ತಾ ನಾಲ್ಕೈದು ಕಡೆ ನೋಡಬೇಕು. ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಎಂದಾದರೆ ಚೈನು ಒಂದೇ ಸಮ ಸವೆದಿಲ್ಲ. ಸವೆತ ಅಳೆಯುವುದು ಹೀಗೆ: ಚೈನನ್ನು ಎಳೆದು ಹಿಡಿದು 21 ಪಿನ್‌ಗಳ ನಡುವಿನ, ಅಂದರೆ 20 ಕೊಂಡಿಗಳ ಉದ್ದ ತೆಗೆದುಕೊಳ್ಳಿ. 428 ಅಳತೆಯ ಚೈನು ಹೊಸದರಲ್ಲಿ 254 ಮಿ.ಮೀ., 520 ಚೈನು 317.5 ಮಿ.ಮೀ. ಇರುತ್ತದೆ. ಶೇ. 2ರಷ್ಟು ಬೆಳೆದಿದ್ದರೆ, ಅಂದರೆ 259 ಅಥವಾ 324 ಮುಟ್ಟಿದ್ದರೆ, ಅದರ ಆಯುಸ್ಸು ಮುಗಿದಿದೆ. ಆಗ ಎರಡೂ ಸ್ಪ್ರಾಕೆಟ್ (ಚೈನು ಕೂರುವ ಹಲ್ಲಿನ ಚಕ್ರ) ಸಮೇತ ಬದಲಿಸುತ್ತೇವೆ. ಹಳೆ ಸ್ಪ್ರಾಕೆಟ್ ಮೇಲೆ ಹೊಸ ಚೈನು ಹಾಕಿ ಎಂದು ಕೇಳುವವರಿದ್ದಾರೆ. ಬಾಗಿದ ಹಲ್ಲು ಹೊಸ ಚೈನನ್ನೂ ಬೇಗ ತಿನ್ನುತ್ತದೆ, ಆದ್ದರಿಂದ ಆ ಕೆಲಸ ಒಪ್ಪುವುದಿಲ್ಲ. ಲಾಕ್ ಕ್ಲಿಪ್ ಇದ್ದರೆ ಅದರ ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗಿರಬೇಕು. ಮನೆಯಲ್ಲಿ ತೊಳೆಯುವಾಗ ಓ-ರಿಂಗ್ ಚೈನಿಗೆ (ಕೊಂಡಿಗಳ ನಡುವೆ ಗ್ರೀಸ್ ಹಿಡಿದಿಡುವ ರಬ್ಬರ್ ರಿಂಗ್ ಇರುವಂಥದ್ದು) ಸೀಮೆಎಣ್ಣೆ ಮತ್ತು ಮೆತ್ತನೆ ಬ್ರಷ್ ಸಾಕು. ಪೆಟ್ರೋಲ್ ಮತ್ತು ತಂತಿ ಬ್ರಷ್ ರಿಂಗನ್ನು ಹಾಳುಮಾಡುತ್ತವೆ, ಒಳಗಿನ ಗ್ರೀಸ್ ಹೊರಬರುತ್ತದೆ.

ಬ್ರೇಕಿನ ವಿಷಯದಲ್ಲಿ ಚೌಕಾಸಿಗೆ ಜಾಗವಿಲ್ಲ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ಮಾನದಂಡದ ಪ್ರಕಾರ ಹೊಸ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಹಿಡಿದೇ ಇಳಿದರೆ ಕ್ಯಾಲಿಪರಿನಲ್ಲಿ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಆವಿಯ ಗುಳ್ಳೆ ಎದ್ದು ಲಿವರ್ ಹ್ಯಾಂಡಲಿಗೆ ತಗಲುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಬೇಕಾದದ್ದನ್ನು ಹಿಂದಿನವರು ಬದಲಿಸಿದ್ದಾರೆ ಎಂದು ನಾವು ಊಹಿಸುವುದಿಲ್ಲ. ಆಯಿಲ್ ಮಟ್ಟ ಕೆಳಗಿದ್ದರೆ ಮೇಲಿಂದ ತುಂಬಿಸುವುದೂ ಪರಿಹಾರವಲ್ಲ. ಸೋರಿಕೆ ಇಲ್ಲದಿದ್ದರೆ ಪ್ಯಾಡು ಸವೆದಿದೆ ಎಂದೇ ಅದರ ಅರ್ಥ. ತುಂಬಿಸಿಟ್ಟು ಆಮೇಲೆ ಹೊಸ ಪ್ಯಾಡು ಹಾಕಲು ಪಿಸ್ಟನ್ ಒತ್ತಿದರೆ ಆಯಿಲ್ ಉಕ್ಕಿ ಟ್ಯಾಂಕಿನ ಪೇಂಟ್ ಕಿತ್ತುಬಿಡುತ್ತದೆ. ಎರಡು ಪ್ಯಾಡುಗಳಲ್ಲಿ ಒಂದು ಮಾತ್ರ ಹೆಚ್ಚು ಸವೆದಿದ್ದರೆ ಕ್ಯಾಲಿಪರಿನ ಜಾರುವ ಪಿನ್ ಹಿಡಿದುಕೊಂಡಿರುತ್ತದೆ. ಪಿನ್ ಬಿಚ್ಚಿ ಒರೆಸಿ ಸಿಲಿಕೋನ್ ಗ್ರೀಸ್ ಹಚ್ಚುತ್ತೇವೆ. ಡಿಸ್ಕಿನ ಕನಿಷ್ಠ ದಪ್ಪ ಡಿಸ್ಕಿನ ಮೇಲೇ ಕೆತ್ತಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಬದಲಿಸದೆ ಬೈಕು ಹೊರಗೆ ಕಳಿಸುವುದಿಲ್ಲ.

ಟೈರಿನ ಪಕ್ಕದಲ್ಲಿ ಡಾಟ್ (DOT) ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಮೇಲಿನ ಗೆರೆ ಚೆನ್ನಾಗಿದ್ದರೂ ಪಕ್ಕದ ರಬ್ಬರಿನಲ್ಲಿ ಸಣ್ಣ ಬಿರುಕಿದ್ದರೆ ಬದಲಿಸಬೇಕು. ಇನ್ನು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್: ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಎಡಬಲ ತಿರುಗಿಸಿ. ನಟ್ಟನಡುವೆ ಟಕ್ ಎಂದು ಸಿಕ್ಕಿಕೊಂಡರೆ ಗುಂಡುಗಳು ರೇಸಿನಲ್ಲಿ (ಅವು ಉರುಳುವ ಬಳೆ) ಹಳ್ಳ ಮಾಡಿವೆ. ಗ್ರೀಸ್ ಹಚ್ಚಿದರೆ ಅದು ಹೋಗದು, ಸೆಟ್ಟೇ ಬದಲಾಗಬೇಕು.

ಕೊನೆಗೆ ಕರೆಂಟು. ಲೈಟ್ ಹಾಕಿಸುವವರು ಹೆಚ್ಚು, ಅಳೆದು ನೋಡುವವರು ಕಡಿಮೆ. ರಾತ್ರಿಯಿಡೀ ನಿಂತ ಬ್ಯಾಟರಿ 12.6 ವೋಲ್ಟ್ ಅಥವಾ ಹೆಚ್ಚು ತೋರಿಸಬೇಕು. ಎಂಜಿನ್ ನಿಮಿಷಕ್ಕೆ 5,000 ಸುತ್ತಿನ ಆಸುಪಾಸಿನಲ್ಲಿದ್ದಾಗ 13.5ರಿಂದ 14.5. ಅದಕ್ಕಿಂತ ಕಡಿಮೆಯಿದ್ದರೆ ಚಾರ್ಜ್ ಆಗುತ್ತಿಲ್ಲ; 15 ದಾಟಿದರೆ ರೆಗ್ಯುಲೇಟರ್ (ವೋಲ್ಟೇಜ್ ಮಿತಿಯಲ್ಲಿಡುವ ಭಾಗ) ಹೋಗಿದೆ, ಬ್ಯಾಟರಿ ಕುದಿಯುತ್ತದೆ, ಬಲ್ಬು ಪದೇ ಪದೇ ಹೋಗುತ್ತದೆ.

ಎರಡನೇ ಭೇಟಿಯ ಅಪ್‌ಗ್ರೇಡ್‌ಗಳಿಗೂ ಈ ಅಳತೆಗಳೇ ಬುನಾದಿ. ಹೆಡ್‌ಲೈಟನ್ನೇ ನೋಡಿ. 60 ವ್ಯಾಟಿನ ಬಲ್ಬು 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ, 100 ವ್ಯಾಟಿನದು 8 ದಾಟುತ್ತದೆ. ಅಷ್ಟು ಕರೆಂಟು ಮೂಲ ಸ್ವಿಚ್ಚು, ತೆಳು ವೈರಿನಲ್ಲಿ ಹರಿದರೆ ಸ್ವಿಚ್ಚಿನ ಪ್ಲಾಸ್ಟಿಕ್ ಕರಗುತ್ತದೆ. ಆದ್ದರಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್-ಆಫ್ ಮಾಡುವ ಸ್ವಿಚ್ಚು) ಇಲ್ಲದೆ ಹಾಕುವುದಿಲ್ಲ. ರಿಲೇಯ ಪಿನ್ ಸಂಖ್ಯೆಗಳ ಪ್ರಕಾರ: ಹಳೆ ಹೆಡ್‌ಲೈಟ್ ವೈರು 86ಕ್ಕೆ, 85 ಅರ್ತ್‌ಗೆ, ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್ ಮೂಲಕ 30ಕ್ಕೆ, 87ರಿಂದ ಬಲ್ಬಿಗೆ. ಹೈ ಬೀಮಿಗೊಂದು ರಿಲೇ, ಡಿಮ್ಮಿಗೊಂದು. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರ. ಆದರೂ ಎಲ್ಲ ಲೈಟು ಹಾಕಿ ಓಡಿಸಿದಾಗ ವೋಲ್ಟೇಜ್ 13ಕ್ಕಿಂತ ಕೆಳಗೇ ಇದ್ದರೆ ರಿಲೇ ಏನೂ ಮಾಡಲಾರದು, ಏಕೆಂದರೆ ಕೊರತೆ ಇರುವುದು ಉತ್ಪಾದನೆಯಲ್ಲಿ. ಹ್ಯಾಲೊಜೆನ್‌ಗಾಗಿ ಮಾಡಿದ ರಿಫ್ಲೆಕ್ಟರಿನೊಳಗೆ ಎಲ್‌ಇಡಿ ಬಲ್ಬು ಹಾಕುವ ಕೆಲಸವನ್ನು ಪೂರ್ತಿ ನಿಲ್ಲಿಸುತ್ತಿದ್ದೇವೆ. ಬೆಳಕು ಚದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ, ರಸ್ತೆ ಮಾತ್ರ ಕಾಣುವುದಿಲ್ಲ.

ಮುಂದಿನ ಸ್ಪ್ರಾಕೆಟ್ಟಿನಲ್ಲಿ ಒಂದು ಹಲ್ಲು ಕಡಿಮೆ ಮಾಡಿಸಿದರೆ, 15ರಿಂದ 14ಕ್ಕೆ, ಅದೇ ವೇಗಕ್ಕೆ ಎಂಜಿನ್ ಸುಮಾರು ಶೇ. 7ರಷ್ಟು ಹೆಚ್ಚು ಸುತ್ತುತ್ತದೆ. ಏರಿನಲ್ಲಿ ಪಿಕಪ್ ಸಿಗುತ್ತದೆ, ಹೈವೇಯಲ್ಲಿ ಕಿರಿಕಿರಿ. ಎತ್ತರದ ಹ್ಯಾಂಡಲಿಗೆ ಉದ್ದ ಕೇಬಲ್, ಉದ್ದ ಬ್ರೇಕ್ ಹೋಸ್ ಬೇಕು. ಪೂರ್ತಿ ತಿರುಗಿಸಿದಾಗ ಎಂಜಿನ್ ವೇಗ ತಾನಾಗಿ ಏರಿದರೆ ಕೇಬಲ್ ಗಿಡ್ಡ. 1.85 ಇಂಚಿನ ರಿಮ್ಮಿಗೆ 120 ಮಿ.ಮೀ. ಅಗಲದ ಟೈರು ಕೇಳಬೇಡಿ, ಟೈರು ಚಿವುಟಿಕೊಂಡು ನೆಲಕ್ಕೆ ತಾಗುವ ಆಕಾರವೇ ಕೆಡುತ್ತದೆ. ಯಾವುದಕ್ಕೆ ಮೊದಲು ಖರ್ಚು ಮಾಡಲಿ ಎಂದು ಕೇಳಿದರೆ, ಮೂಲ ಅಳತೆಯ ಒಳ್ಳೆಯ ಟೈರು, ಫೋರ್ಕಿನ ಹೊಸ ಆಯಿಲ್ ಮತ್ತು ಸೀಲು ಎನ್ನುತ್ತೇವೆ. ಸೈಲೆನ್ಸರ್ ನಮ್ಮ ಪಟ್ಟಿಯಲ್ಲಿ ಕಡೆಗೆ ಬರುತ್ತದೆ. ಒಂದು ಭೇಟಿಯಲ್ಲಿ ಎಂಜಿನ್ನಿಗೆ ಸಂಬಂಧಿಸಿದ ಒಂದೇ ಬದಲಾವಣೆ ಮಾಡುತ್ತೇವೆ.

ಮೂಲ ಸರ್ವಿಸ್ ಬೇರೆ ಕಡೆ ಆಗಿದ್ದರೆ ಬಿಲ್ಲು ತನ್ನಿ. ಬದಲಾದ ಭಾಗಗಳನ್ನು ಮತ್ತೆ ಬದಲಿಸುವುದಿಲ್ಲ, ಅಳೆದು ಮಾತ್ರ ನೋಡುತ್ತೇವೆ. ಈಗಾಗಲೇ ಬುಕ್ ಆಗಿರುವ ಕೆಲಸಗಳು ಹಳೆ ಪದ್ಧತಿಯಲ್ಲೇ ನಡೆಯುತ್ತವೆ. ಅಳತೆಗಳನ್ನೆಲ್ಲ ಬರೆದ ಹಾಳೆ ಮತ್ತು ತೆಗೆದ ಹಳೆ ಭಾಗಗಳು ನಿಮ್ಮ ಕೈಗೇ ಬರುತ್ತವೆ.

ಬರುವಾಗ ಎರಡೂ ಕೀ, ಕೈಪಿಡಿ ಇದ್ದರೆ ಅದೂ ಇರಲಿ. ಟ್ಯಾಪೆಟ್ಟಿಗೆ ಎಂಜಿನ್ ತಣ್ಣಗಿರಬೇಕಾದ್ದರಿಂದ ಬೈಕನ್ನು ಹಿಂದಿನ ಸಂಜೆಯೇ ಬಿಟ್ಟು ಹೋಗಿ. ಟ್ಯಾಂಕ್ ಬಿಚ್ಚುವ ಕೆಲಸವಿರುವುದರಿಂದ ಪೆಟ್ರೋಲ್ ಕಾಲು ಭಾಗಕ್ಕಿಂತ ಹೆಚ್ಚು ಬೇಡ.

ಇಂತಿ,
ವರ್ಕ್‌ಶಾಪ್ ಬಳಗ