ನಮ್ಮ ಯಕ್ಷಗಾನದ ಹಿಮ್ಮೇಳದವರಿಗೆ

ಇವರು ಮೊನ್ನೆ ಆಸ್ಪತ್ರೆಯಿಂದ ಮನೆಗೆ ಬಂದರು. ಏನಾಯಿತು, ಹೇಗಾಯಿತು ಎಂಬುದು ನಿಮಗೆಲ್ಲ ಗೊತ್ತೇ ಇದೆ. ಬಲಗೈ ಇನ್ನೂ ಮಾತು ಕೇಳುತ್ತಿಲ್ಲ. ಮದ್ದಳೆ ಚೀಲದೊಳಗೇ ಇದೆ.

ಬೇಸಗೆ ಕೊನೆಯ ಪತ್ತನಾಜೆಗೆ ಮೇಳದವರು ಗೆಜ್ಜೆ ಬಿಚ್ಚಿದರೆ ದೀಪಾವಳಿ ಕಳೆಯುವ ತನಕ ತಿರುಗಾಟ ಇಲ್ಲ. ಮಳೆಗಾಲದಲ್ಲಿ ನಮ್ಮಂಥವರ ಕೈ ಮೊದಲೇ ಖಾಲಿ. ಅದೇ ಹೊತ್ತಿಗೆ ಹೀಗಾಯಿತು. ಆಗ ನೀವು ತಾಳಮದ್ದಳೆ ಇಟ್ಟುಕೊಂಡಿರಿ. ಕೂತು ಹಾಡು, ಮಾತು ಅಷ್ಟೇ. ವೇಷವಿಲ್ಲ, ಕುಣಿತವಿಲ್ಲ, ಹಾಗಾಗಿ ಖರ್ಚೂ ಇಲ್ಲ. ಬಂದದ್ದೆಲ್ಲ ಆಸ್ಪತ್ರೆಯ ಬಿಲ್ಲಿಗೆ. ಸಂಭಾವನೆ ಮುಟ್ಟದೆ ಹಾಡಿದ ಭಾಗವತರು, ಪಾತ್ರವಾಗಿ ಮಾತಾಡಿದ ಅರ್ಥಧಾರಿಗಳು, ಜಾಗ ಕೊಟ್ಟ ದೇವಸ್ಥಾನದವರು, ಊಟ ಬಡಿಸಿದ ಹುಡುಗರು, ದುಬೈಯಿಂದ ಹಣ ಕಳಿಸಿದವರು, ಎಲ್ಲರಿಗೂ ಕೈ ಮುಗಿಯುತ್ತೇನೆ. ತೆಂಕು ಶೈಲಿ, ಬಡಗು ಶೈಲಿ ಎಂದು ವರ್ಷವಿಡೀ ವಾದ ಮಾಡುವವರು ಅಂದು ಒಂದೇ ಜಮಖಾನದ ಮೇಲೆ ಕೂತಿದ್ದಿರಿ. ಇದನ್ನು ಹೇಳಿದಾಗ ಇವರು ಎಷ್ಟೋ ದಿನದ ಮೇಲೆ ನಕ್ಕರು.

ಜಾಸ್ತಿ ಬರೆಯಬೇಕಾದ್ದು ಚೆಂಡೆಯ ಹುಡುಗನ ಬಗ್ಗೆ. "ಬೆಳಗಾಗಲಿ, ನೋಡುವ" ಎಂದು ಡಾಕ್ಟರು ಹೇಳಿ ಹೋದ ಆ ರಾತ್ರಿ ನನ್ನ ಜೊತೆ ಉಳಿದವನು ಅವನೊಬ್ಬನೇ. ಬಾಗಿಲ ಹತ್ತಿರವೇ ನಿಂತಿದ್ದ. "ಕೂತ್ಕೋ ಮಾರಾಯಾ" ಎಂದೆ. "ತೆಂಕಿನ ಚೆಂಡೆಯವ ಅಲ್ವಾ ಅತ್ತಿಗೆ, ಬೆಳಗಿನ ತನಕ ನಿಂತೇ ಅಭ್ಯಾಸ" ಎಂದ.

2 ಗಂಟೆಯ ಹೊತ್ತಿಗೆ ತೂಕಡಿಸಿ ಎದ್ದು ನೋಡಿದರೆ ಅವನ ಬೆರಳು ಬಾಗಿಲ ಚೌಕಟ್ಟಿನ ಮೇಲೆ ಮೆಲ್ಲಗೆ ಬಾರಿಸುತ್ತಿತ್ತು. "ಅಣ್ಣನ ಕಿವಿಗೆ ಬಿದ್ದರೆ ಮದ್ದಳೆ ಹಿಡಿದಾರು ಅಂತ" ಎಂದ. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಂಥ ಹೊತ್ತಲ್ಲೂ ನಿಂಗೆ ತಾಳವಾ ಎಂದು ಬೈದೆ. ಅವನು ಸುಮ್ನೆ ಕೈ ಕಿಸೆಗೆ ಹಾಕಿಕೊಂಡ. ಆಮೇಲೆ ಆ ಓಣಿಯಲ್ಲಿ ಇದ್ದದ್ದು ಒಳಗಿನ ಮಿಷನ್ನಿನ ಸದ್ದು ಮಾತ್ರ. ತಡೆಯಲಿಕ್ಕಾಗಲಿಲ್ಲ. "ಬಾರಿಸು" ಎಂದು ನಾನೇ ಹೇಳಿದೆ. ಬೆಳಗಿನ ತನಕ ಬಾರಿಸಿದ.

ಇನ್ನೊಂದು ಹೇಳಿಬಿಡುತ್ತೇನೆ. ತಾಳಮದ್ದಳೆಯ ದಿನ ಸಭೆಯಲ್ಲಿ ಹರಿವಾಣ ತಿರುಗುವಾಗ ನಾನು ಎದ್ದು ಹೊರಗೆ ಹೋದೆ. 30 ವರ್ಷ ಇವರಿಗೆ ಶಾಲು, ಹಣ್ಣು ಇಟ್ಟು ಕೊಡುತ್ತಿದ್ದ ಹರಿವಾಣ ಅದು. ಅದರಲ್ಲಿ ನೋಟು ಬೀಳುವುದನ್ನು ನೋಡಲಾಗಲಿಲ್ಲ. ಅಹಂಕಾರ ಅನ್ನಿ. ಯಾರಿಗಾದರೂ ಬೇಜಾರಾಗಿದ್ದರೆ ಕ್ಷಮಿಸಿ.

ಈ ಥಂಡಿಗೆ ಮದ್ದಳೆ ಸುಮ್ನೆ ಇಟ್ಟರೆ ಹಾಳಾಗುತ್ತದಂತೆ. ಕಲಿಯುವ ಹುಡುಗರು ಯಾರಾದರೂ ವಾರಕ್ಕೊಮ್ಮೆ ಬಂದು ಬಾರಿಸಿ ಹೋಗಿ. ಇವರೇ ಹೇಳಿಸಿದ್ದು. ಶ್ರುತಿ ತಪ್ಪಿದರೆ ಬೈಯಲಿಕ್ಕೆ ಬಾಯಿ ಸರಿಯಾಗಿಯೇ ಇದೆಯಂತೆ.